ಮೇಜಿನ ಮೇಲೆ ಹಸಿರು ಬೇಕು, ಮನೆಯಲ್ಲಿ ಬೆಕ್ಕಿದೆ: ಯಾವ ಗಿಡ ಇಡಲಿ?

ಪೇಡಾ ಮನೆ · ಧಾರವಾಡ · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ಸಪ್ತಾಪುರದಲ್ಲಿ ಬಾಡಿಗೆ ಮನೆ. ಮೂರು ವರ್ಷದಿಂದ ಮನೆಯಿಂದಲೇ ಕೆಲಸ ಮಾಡುತ್ತಿದ್ದೇನೆ. ಮಹಡಿ ಮೇಲಿನ ಸಣ್ಣ ಕೋಣೆಯೇ ನನ್ನ ಆಫೀಸು. ಮೇಜು 4 ಅಡಿ ಉದ್ದ, 2 ಅಡಿ ಅಗಲ. ಎಡಕ್ಕೆ ಉತ್ತರದ ಕಿಟಕಿ. ಬೆಳಕು ಚೆನ್ನಾಗಿದೆ, ನೇರ ಬಿಸಿಲು ಬೀಳುವುದಿಲ್ಲ.

ಹೋದ ವಾರ ಏನಾಯಿತು ಅಂದರೆ, ನಾನು ಮೀಟಿಂಗಿನಲ್ಲಿದ್ದೆ. ನಮ್ಮ ಬೆಕ್ಕು (ಹೆಸರು ಪೇಡಾ, ಬಣ್ಣ ನೋಡಿದರೆ ಯಾಕೆ ಅಂತ ತಿಳಿಯುತ್ತದೆ) ಮೇಜಿನ ಮೂಲೆಯಲ್ಲಿದ್ದ ಮನಿಪ್ಲಾಂಟಿನ ಎಲೆ ಕಚ್ಚಿ ಎಳೆಯುತ್ತಿತ್ತು. ಕ್ಯಾಮೆರಾ ಆನ್ ಇತ್ತು, ಗದರಿಸಲು ಆಗಲಿಲ್ಲ. ಐದೇ ನಿಮಿಷದಲ್ಲಿ ಬಾಯಿಂದ ಜೊಲ್ಲು ಸುರಿಯತೊಡಗಿತು. ಮುಂಗಾಲಿನಿಂದ ಬಾಯಿ ಉಜ್ಜಿಕೊಳ್ಳುತ್ತದೆ, ತಲೆ ಕೊಡವುತ್ತದೆ, ಎರಡು ಸಲ ವಾಂತಿ ಬೇರೆ. ಮೀಟಿಂಗ್ ಬಿಟ್ಟು ದವಾಖಾನೆಗೆ ಓಡಿದೆ. ಸಂಜೆ ಹೊತ್ತಿಗೆ ಸರಿಹೋಯಿತು. ಡಾಕ್ಟ್ರು ಹೇಳಿದ್ದು ಒಂದೇ ಮಾತು: ಆ ಗಿಡ ಕೋಣೆಯಿಂದ ತೆಗೆಯಿರಿ.

ತೆಗೆದೆ. ಈಗ ಮೇಜು ಬೋಳು ಬೋಳಾಗಿದೆ. ನರ್ಸರಿಗೆ ಹೋಗಿ ಕೇಳಿದರೆ ಎಲ್ಲದಕ್ಕೂ ಒಂದೇ ಉತ್ತರ: 'ಮೇಡಂ, ಇಂಡೋರ್ ಪ್ಲಾಂಟ್ ಐತ್ರಿ, ಏನೂ ಆಗೂದಿಲ್ಲ.' ಮನಿಪ್ಲಾಂಟ್ ಕೊಟ್ಟಾಗಲೂ ಹೀಗೇ ಹೇಳಿದ್ದರು.

ನನಗೆ ಬೇಕಾದ್ದು ಜಾಸ್ತಿ ಏನಿಲ್ಲ. ಸಣ್ಣ ಕುಂಡ, ಉತ್ತರದ ಬೆಳಕಿಗೆ ಬದುಕುವ ಗಿಡ, ವಾರಕ್ಕೆ ಒಂದೆರಡು ಸಲ ನೀರು. ಪೇಡಾ ಕಚ್ಚಿದರೂ ರಾತ್ರಿ ನನಗೆ ನಿದ್ದೆ ಬರಬೇಕು, ಅಷ್ಟೇ.

ಗೋಕುಲ ರೋಡ್ · ಹುಬ್ಬಳ್ಳಿ

ಅಕ್ಕಾರೆ, ಇಷ್ಟಕ್ಕೆಲ್ಲ ಹೆದರಬೇಡಿ. ನಮ್ಮ ಮನೆಯಲ್ಲಿ ಹತ್ತು ವರ್ಷದಿಂದ ಮನಿಪ್ಲಾಂಟ್ ಇದೆ, ಎರಡು ಬೆಕ್ಕೂ ಇವೆ. ಒಂದು ದಿನ ಏನೂ ಆಗಿಲ್ಲ. ಪ್ರಾಣಿಗಳಿಗೆ ಯಾವುದು ತಿನ್ನಬೇಕು, ಯಾವುದು ಬಿಡಬೇಕು ಅಂತ ಮೂಗಿಗೇ ಗೊತ್ತಾಗುತ್ತದೆ. ಅಷ್ಟೂ ಭಯ ಇದ್ದರೆ ಸ್ನೇಕ್ ಪ್ಲಾಂಟ್ ಇಡಿ. ಗಟ್ಟಿ ಎಲೆ, ಬೆಕ್ಕು ಮುಟ್ಟುವುದಿಲ್ಲ. ಗಾಳಿನೂ ಶುದ್ಧ ಮಾಡುತ್ತದೆ. ಇಲ್ಲಾಂದ್ರೆ ಲೋಳೆಸರ. ಔಷಧಿ ಗಿಡ, ನಾವೇ ತಿನ್ನುತ್ತೇವೆ, ಅದಕ್ಕೆ ಏನಾಗುತ್ತದೆ?

ಹಾವೇರಿ ದವಾಖಾನೆ · ಹಾವೇರಿ

ಗೋಕುಲ ರೋಡ್ ಅಣ್ಣಾರೆ, ಸ್ವಲ್ಪ ತಡೆಯಿರಿ. ನಾನು ಪಶುವೈದ್ಯ. ದಿನಾ ನೋಡುವುದು ಎಮ್ಮೆ, ಆಕಳು, ಕುರಿ. ಈಚೆಗೆ ಬೆಕ್ಕು ನಾಯಿಗಳೂ ಜಾಸ್ತಿ ಬರುತ್ತಿವೆ, ಅದಕ್ಕೇ ಈ ಮಾತು.

ಹಸಿ ಕೆಸವಿನ ಎಲೆ ನಾಲಿಗೆಗೆ ತಾಗಿದರೆ ಏನಾಗುತ್ತದೆ? ಸುವರ್ಣಗಡ್ಡೆ ಹೆಚ್ಚುವಾಗ ಕೈ ಯಾಕೆ ಕೆರೆಯುತ್ತದೆ? ಮನಿಪ್ಲಾಂಟಿನದೂ ಅದೇ ಕತೆ. ಮೂರೂ ಒಂದೇ ಕುಟುಂಬದ ಗಿಡಗಳು. ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಕಚ್ಚಿದ ಕೂಡಲೇ ನಾಲಿಗೆ, ಒಸಡು, ಗಂಟಲಿಗೆ ಚುಚ್ಚುತ್ತವೆ. ಜೊಲ್ಲು, ಬಾಯಿ ಉಜ್ಜಿಕೊಳ್ಳುವುದು, ವಾಂತಿ, ಪೇಡಾಗೆ ಆದದ್ದೆಲ್ಲ ಅದೇ. ಕೆಸವನ್ನು ನಾವು ಹುಣಸೆಹುಳಿ ಹಾಕಿ ಬೇಯಿಸಿ ತಿನ್ನುತ್ತೇವೆ. ಬೆಕ್ಕಿಗೆ ಎಲ್ಲಿಯ ಹುಣಸೆ? ಸಾಮಾನ್ಯವಾಗಿ ಇದರಿಂದ ಜೀವ ಹೋಗುವುದಿಲ್ಲ. ಆದರೆ ಗಂಟಲು ಬಾತರೆ ಉಸಿರಾಟಕ್ಕೆ ತೊಂದರೆಯಾಗಬಹುದು.

ಇದೇ ಕುಟುಂಬದಲ್ಲಿ ಇನ್ನೂ ಯಾರ್ಯಾರಿದ್ದಾರೆ ಗೊತ್ತಾ? ಫಿಲೋಡೆಂಡ್ರಾನ್, ಸಿಂಗೋನಿಯಂ, ಡೈಫೆನ್‌ಬೇಕಿಯಾ, ಅಗ್ಲೋನಿಮಾ, ಮಾನ್‌ಸ್ಟೆರಾ, ಆಂಥೂರಿಯಂ, ಪೀಸ್ ಲಿಲಿ, ಜೀಜೀ ಪ್ಲಾಂಟ್. ನರ್ಸರಿಯ ನೆರಳಿನ ಸಾಲಿನಲ್ಲಿ ಅರ್ಧಕ್ಕರ್ಧ ಇವೇ. ಇಂಡೋರ್ ಅಂದರೆ ಬಿಸಿಲು ಬೇಡ ಅಂತ ಅರ್ಥ, ವಿಷ ಇಲ್ಲ ಅಂತ ಅಲ್ಲ.

ಸ್ನೇಕ್ ಪ್ಲಾಂಟಿನಲ್ಲಿ ಸಪೋನಿನ್ ಇದೆ. ಸೀಗೆಕಾಯಿ ನೊರೆ ಬರುವುದು ಇಂಥದ್ದರಿಂದಲೇ. ತಿಂದರೆ ವಾಂತಿ, ಭೇದಿ. ಲೋಳೆಸರದ ಒಳಗಿನ ಲೋಳೆ ಬೇರೆ, ಸಿಪ್ಪೆಯ ಕೆಳಗಿನ ಹಳದಿ ಕಹಿ ರಸ ಬೇರೆ. ನಾವು ಸಿಪ್ಪೆ ತೆಗೆದು, ತೊಳೆದು ತಿನ್ನುತ್ತೇವೆ. ಬೆಕ್ಕು ಸಿಪ್ಪೆ ಸಮೇತ ಕಚ್ಚುತ್ತದೆ.

ಮೂಗಿಗೆ ಗೊತ್ತಾಗುತ್ತದೆ ಅನ್ನುವುದು ಬಯಲಲ್ಲಿ ಮೇಯುವ ಆಡಿನ ವಿಷಯದಲ್ಲಿ ಸ್ವಲ್ಪ ನಿಜ ಇರಬಹುದು. ನಾಲ್ಕು ಗೋಡೆಯ ಮಧ್ಯೆ ಬೇಜಾರು ಬಂದ ಬೆಕ್ಕು ಚಾರ್ಜರ್ ವಯರನ್ನೂ ಕಚ್ಚುತ್ತದೆ. ಹತ್ತು ವರ್ಷ ನಿಮ್ಮ ಬೆಕ್ಕುಗಳಿಗೆ ಆ ಗಿಡದ ಮೇಲೆ ಮನಸ್ಸಾಗಿಲ್ಲ, ಅಷ್ಟೇ.

ಪೇಡಾ ಮನೆ · ಧಾರವಾಡ

ಡಾಕ್ಟ್ರೆ, ವಯರಿನ ವಿಷಯ ನೂರಕ್ಕೆ ನೂರು ನಿಜ. ಎರಡು ಚಾರ್ಜರ್ ಹೋಗಿವೆ. ಇನ್ನೊಂದು ಕೇಳಬೇಕು. ಅವತ್ತು ಗಾಬರಿಯಲ್ಲಿ ಪಕ್ಕದ ಮನೆಯವರು ಉಪ್ಪುನೀರು ಕುಡಿಸಿ ಅಂದರು. ನಾನು ಕುಡಿಸಲಿಲ್ಲ. ಸರಿ ಮಾಡಿದೆನಾ?

ಹಾವೇರಿ ದವಾಖಾನೆ · ಹಾವೇರಿ

ಬಹಳ ಸರಿ ಮಾಡಿದಿರಿ. ಉಪ್ಪೇ ಇನ್ನೊಂದು ವಿಷವಾಗುತ್ತದೆ. ಸುಟ್ಟ ಗಂಟಲಿನಲ್ಲಿ ಮತ್ತೆ ವಾಂತಿ ಮಾಡಿಸಿದರೆ ಇನ್ನಷ್ಟು ಉರಿ. ಬಾಯಲ್ಲಿ ಉಳಿದ ಎಲೆ ಚೂರು ತೆಗೆಯಿರಿ, ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ, ಕುಡಿಯಲು ನೀರು ಇಡಿ. ಗಿಡದ ಫೋಟೋ ತೆಗೆದುಕೊಂಡು ದವಾಖಾನೆಗೆ ಬನ್ನಿ. ಫೋಟೋಗಿಂತ ಕಚ್ಚಿದ ಟೊಂಗೆಯನ್ನೇ ತಂದರೆ ಇನ್ನೂ ಒಳ್ಳೆಯದು. ಬಹಳ ಜನ 'ಎಂಥದೋ ಹಸಿರು ಗಿಡ ಸರ್' ಅಂತ ಬರುತ್ತಾರೆ.

ವಿಷಯ ಬೇರೆ, ಆದರೂ ಹೇಳಿಬಿಡುತ್ತೇನೆ. ಬೆಕ್ಕು ಮಂಕಾಗಿದೆ ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಡಬೇಡಿ. ಅರ್ಧ ಮಾತ್ರೆ, ಕಾಲು ಮಾತ್ರೆ, ಯಾವ ಲೆಕ್ಕದಲ್ಲೂ ಬೇಡ. ಬೆಕ್ಕಿನ ದೇಹಕ್ಕೆ ಅದನ್ನು ಅರಗಿಸುವ ಶಕ್ತಿ ಇಲ್ಲ. ಒಂದು ಮಾತ್ರೆಗೇ ಪ್ರಾಣ ಹೋಗಬಹುದು.

ಹತ್ತು ಕುಂಡ · ವಿದ್ಯಾನಗರ, ಹುಬ್ಬಳ್ಳಿ

ಹೆಸರಿಗೆ ಹತ್ತು ಕುಂಡ, ಮನೆಯಲ್ಲಿರುವುದು ಐವತ್ತರ ಮೇಲೆ. ಜೊತೆಗೆ ಮೂರು ಬೆಕ್ಕು. ಹಾಗಾಗಿ ಪೆಟ್ಟು ತಿಂದೇ ಕಲಿತಿದ್ದೇನೆ.

ಪೇಡಾ ಅಕ್ಕಾರೆ, ಮೊದಲು ಒಂದು ಮಾತು. ಅಂಗಡಿಯ ಹೆಸರು ನಂಬಬೇಡಿ. ಲಕ್ಕಿ ಬ್ಯಾಂಬೂ ಬಿದಿರೇ ಅಲ್ಲ, ಡ್ರಸೀನಾ. ಬೆಕ್ಕು ತಿಂದರೆ ವಾಂತಿ, ಕಣ್ಣಿನ ಪಾಪೆ ಅಗಲ ಆಗುವುದು, ಎಲ್ಲ ಇದೆ. ಅರೆಕಾ ಪಾಮ್ ಅಂದರೆ ನಾವು ತಿನ್ನುವ ಅಡಿಕೆ ಮರ ಅಲ್ಲ, ಅದು ಬೇರೆಯೇ ಗಿಡ, ಬೆಕ್ಕಿಗೆ ನಾಯಿಗೆ ತೊಂದರೆ ಇಲ್ಲ. ಸೇಗೋ ಪಾಮ್ ಪಾಮೇ ಅಲ್ಲ, ಸೈಕಸ್. ಅದು ಇವೆಲ್ಲಕ್ಕಿಂತ ಕೆಟ್ಟದ್ದು. 'ಫರ್ನ್' ಅಂತ ಮಾರುವ ಅಸ್ಪರಾಗಸ್ ಫರ್ನ್ ನಿಜವಾದ ಫರ್ನ್ ಅಲ್ಲ, ಬೆಕ್ಕಿಗೆ ಆಗುವುದಿಲ್ಲ. ಬೋಸ್ಟನ್ ಫರ್ನ್ ನಿಜವಾದದ್ದು, ಅದು ಆಗುತ್ತದೆ. ಅದಕ್ಕೇ ನಾನು ಗಿಡದ ಸಸ್ಯಶಾಸ್ತ್ರದ ಹೆಸರು ಕೇಳುತ್ತೇನೆ. ಮಾರುವವರಿಗೆ ಗೊತ್ತಿಲ್ಲದಿದ್ದರೆ ಫೋಟೋ ತೆಗೆದುಕೊಂಡು ಮನೆಗೆ ಬರುತ್ತೇನೆ, ಹುಡುಕಿ ನೋಡಿ ಮಾರನೇ ದಿನ ಹೋಗುತ್ತೇನೆ. ಗಿಡ ಎಲ್ಲಿಗೂ ಓಡುವುದಿಲ್ಲ.

ಈಗ ನಿಮ್ಮ ಮೇಜಿಗೆ. ನನ್ನ ಮೊದಲ ಆಯ್ಕೆ ಪೆಪರೋಮಿಯಾ. ದಪ್ಪ, ಹೊಳೆಯುವ, ಅಂಗೈಯಷ್ಟು ಎಲೆ. ವೀಳ್ಯದೆಲೆ ಬಳ್ಳಿಯ ಕುಟುಂಬದ್ದೇ. ಸವಣೂರಿನ ಎಲೆ ತಿಂದು ಬೆಳೆದವರು ನಾವು, ನೋಡಿದ ಕೂಡಲೇ ಎಲೆಯ ಆಕಾರದಲ್ಲಿ ಆ ನೆಂಟಸ್ತಿಕೆ ಕಾಣುತ್ತದೆ. ಉತ್ತರದ ಬೆಳಕು ಸಾಕು. ಎಲೆಯಲ್ಲೇ ನೀರು ಹಿಡಿದಿಟ್ಟುಕೊಳ್ಳುವುದರಿಂದ ವಾರಕ್ಕೊಮ್ಮೆ ನೀರು ಸಾಕು. ಜಾಸ್ತಿ ಹಾಕಿದರೆ ಬುಡ ಕೊಳೆಯುತ್ತದೆ. ನನ್ನ ಕೈಯಲ್ಲಿ ಪೆಪರೋಮಿಯಾ ಸತ್ತದ್ದು ಎರಡು ಸಲ, ಎರಡೂ ಸಲ ಪ್ರೀತಿ ಜಾಸ್ತಿಯಾಗಿ.

ಎರಡನೆಯದು ಸ್ಪೈಡರ್ ಪ್ಲಾಂಟ್. ಹಸಿರು ಬಿಳಿ ಪಟ್ಟೆಯ ಉದ್ದ ಎಲೆ. ವಿಷ ಇಲ್ಲ. ಆದರೆ ಬೆಕ್ಕುಗಳಿಗೆ ಇದರ ಮೇಲೆ ವಿಪರೀತ ಆಸೆ. ಎಲೆ ಗಾಳಿಗೆ ಅಲ್ಲಾಡುತ್ತದೆ ನೋಡಿ, ಅದಕ್ಕೆ ದಾರದ ಆಟ. ಒಂದೆರಡು ಎಲೆ ತಿಂದರೆ ಏನಿಲ್ಲ. ಹೊಟ್ಟೆ ತುಂಬ ತಿಂದರೆ ಚಾಪೆ ಮೇಲೆ ವಾಂತಿ ಗ್ಯಾರಂಟಿ. ಮೇಜಿಗೆ ಇಡುವ ಬದಲು ಕಿಟಕಿಯ ಮೇಲಿನ ಕೊಕ್ಕೆಗೆ ನೇತು ಹಾಕಿ. ಅದು ಬಳ್ಳಿ ಬಿಟ್ಟು ಮರಿ ಹಾಕುತ್ತದೆ. ಆ ಮರಿಯನ್ನು ಲೋಟದ ನೀರಲ್ಲಿ ಇಟ್ಟರೆ ವಾರದಲ್ಲಿ ಬೇರು. ನಿಮ್ಮ ಬಂಧು ಬಳಗಕ್ಕೆಲ್ಲ ಹಂಚಬಹುದು.

ಹಾವೋರ್ತಿಯಾ ಅಂತ ಒಂದಿದೆ. ಸಣ್ಣ ಲೋಳೆಸರದ ಮರಿ ಥರ ಕಾಣುತ್ತದೆ, ಹೊರಮೈಗೆ ಬಿಳಿ ಗೆರೆ. ಇದು ಬೆಕ್ಕಿಗೂ ನಾಯಿಗೂ ಸೇಫ್. ಅಂಗಡಿಯವರು ಲೋಳೆಸರದ ಮರಿಯನ್ನೂ ಇದರ ಜೊತೆ ಒಂದೇ ತಟ್ಟೆಯಲ್ಲಿ ಇಟ್ಟಿರುತ್ತಾರೆ, ಅಲ್ಲೇ ಯಡವಟ್ಟು. ಲೋಳೆಸರದ ಎಲೆಯ ಅಂಚಿನಲ್ಲಿ ಗರಗಸದ ಹಲ್ಲಿನಂಥ ಮೃದು ಮುಳ್ಳಿರುತ್ತವೆ. ಬೆರಳು ಓಡಿಸಿ ನೋಡಿ. ಹಾವೋರ್ತಿಯಾ ಎಷ್ಟು ವರ್ಷ ಆದರೂ ಅಂಗೈ ದಾಟುವುದಿಲ್ಲ.

ಆಫ್ರಿಕನ್ ವಯೊಲೆಟ್, ಫಿಟ್ಟೋನಿಯಾ, ಹೋಯಾ, ಇವೂ ಆಗುತ್ತವೆ. ಕಲಾಥಿಯಾ, ಮರಾಂಟಾ ಕೂಡ. ರಾತ್ರಿ ಎಲೆ ಮೇಲಕ್ಕೆತ್ತಿ ಕೈಮುಗಿದ ಹಾಗೆ ನಿಲ್ಲುತ್ತವೆ, ಚಂದ. ಆದರೆ ಬೋರ್‌ವೆಲ್ಲಿನ ಗಡಸು ನೀರು ಹಾಕಿದರೆ ಎಲೆಯ ತುದಿ ಕಂದುತ್ತದೆ. ಏಪ್ರಿಲ್ ತಿಂಗಳ ಒಣ ಗಾಳಿಯಲ್ಲಿ ನಾನು ಕಲಾಥಿಯಾ ಸಾಕುವ ಆಸೆ ಬಿಟ್ಟಿದ್ದೇನೆ. ಫಿಟ್ಟೋನಿಯಾ ಒಂದು ದಿನ ನೀರು ತಪ್ಪಿದರೆ ಸತ್ತೇ ಹೋದ ಹಾಗೆ ನಾಟಕ ಆಡುತ್ತದೆ, ನೀರು ಹಾಕಿದರೆ ಸಂಜೆಯೊಳಗೆ ಎದ್ದು ಕೂರುತ್ತದೆ. ಮೀಟಿಂಗಿನ ಮಧ್ಯೆ ಅದನ್ನು ನೋಡುವುದೇ ಒಂದು ಕಾಲಕ್ಷೇಪ.

ಕೇಶ್ವಾಪುರ · ಹುಬ್ಬಳ್ಳಿ

ಪೀಸ್ ಲಿಲಿ ಹೆಸರು ಬಂದದ್ದಕ್ಕೆ ಬರೆಯುತ್ತಿದ್ದೇನೆ. ಹೋದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಯಾರೋ ದೊಡ್ಡ ಹೂಗುಚ್ಛ ತಂದರು. ಗುಲಾಬಿ ಮಧ್ಯೆ ಮೂರು ಬಿಳಿ ಲಿಲಿ ಹೂವು. ಹೂದಾನಿಯಲ್ಲಿಟ್ಟು ಮೇಜಿನ ಮೇಲೆ ಇಟ್ಟೆ. ನಮ್ಮ ಬೆಕ್ಕು ಹೂವಿಗೆ ಮೈ ಉಜ್ಜಿತು, ಮೂಗಿಗೆಲ್ಲ ಕೇಸರಿ ಪುಡಿ ಅಂಟಿತು. ನಕ್ಕು ಫೋಟೋ ತೆಗೆದೆ. ಮಾರನೇ ದಿನ ಊಟ ಬಿಟ್ಟಿತು. ಮೂರನೇ ದಿನ ದವಾಖಾನೆಗೆ ಒಯ್ದಾಗ ಕಿಡ್ನಿ ಹೋಗಿತ್ತು. ಉಳಿಯಲಿಲ್ಲ.

ಹೂವಿನಿಂದ ಅಂತ ಆಮೇಲೆ ತಿಳಿಯಿತು. ಗಿಡದ ಬಗ್ಗೆ ಎಲ್ಲರೂ ಕೇಳುತ್ತಾರೆ, ಹೂಗುಚ್ಛದ ಬಗ್ಗೆ ಯಾರೂ ಕೇಳುವುದಿಲ್ಲ.

ಹಾವೇರಿ ದವಾಖಾನೆ · ಹಾವೇರಿ

ಕೇಶ್ವಾಪುರ ತಂಗಿ, ಓದಿ ಬೇಜಾರಾಯಿತು. ಎಲ್ಲರೂ ಇದನ್ನು ಗಮನಿಸಿ. ಪೀಸ್ ಲಿಲಿ ನಿಜವಾದ ಲಿಲಿ ಅಲ್ಲ. ಅದು ಮನಿಪ್ಲಾಂಟಿನ ಬಳಗ, ಬಾಯಿ ಉರಿಯಷ್ಟೇ. ಹೂಗುಚ್ಛದಲ್ಲಿ ಬರುವ ಲಿಲಿಯಂ, ಮತ್ತೆ ಡೇ ಲಿಲಿ, ಇವೆರಡು ಬೆಕ್ಕಿನ ಕಿಡ್ನಿಯನ್ನೇ ಹಾಳು ಮಾಡುತ್ತವೆ. ಎಲೆ, ಎಸಳು, ಮೈಗೆ ಅಂಟಿ ನೆಕ್ಕಿದ ಪರಾಗ, ಹೂದಾನಿಯ ನೀರು, ಯಾವುದೂ ಬಿಡುವುದಿಲ್ಲ. ಮೂರು ದಿನದೊಳಗೆ ಎಲ್ಲ ಮುಗಿಯಬಹುದು. ಅನುಮಾನ ಬಂದರೆ ಲಕ್ಷಣಕ್ಕೆ ಕಾಯಬೇಡಿ. ಮೊದಲ ಕೆಲವು ಗಂಟೆಗಳಲ್ಲೇ ಬಂದರೆ ಡ್ರಿಪ್ ಹಾಕಿ ಉಳಿಸುವ ಅವಕಾಶ ಇರುತ್ತದೆ. ನಾಯಿಗೆ ಇದು ಇಷ್ಟು ಮಾರಕ ಅಲ್ಲ.

ಬೆಕ್ಕಿರುವ ಮನೆಗೆ ಲಿಲಿ ಬಂದರೆ ಬಾಗಿಲಲ್ಲೇ ವಾಪಸ್ ಕಳಿಸಿ. ಕೊಟ್ಟವರು ಬೇಜಾರು ಮಾಡಿಕೊಂಡರೆ ಮಾಡಿಕೊಳ್ಳಲಿ.

ಮಾಳಮಡ್ಡಿ ಮನೆ · ಧಾರವಾಡ

ನಾನು ಅರವತ್ತು ದಾಟಿದವಳು, ಮೊಮ್ಮಗ ಬರೆದುಕೊಡುತ್ತಿದ್ದಾನೆ. ಇವೆಲ್ಲ ಹೆಸರು ನನಗೆ ತಿಳಿಯುವುದಿಲ್ಲ. ಪೇಟೆ ಗಿಡ ಯಾಕೆ ಬೇಕು? ದೊಡ್ಡಪತ್ರೆ ಇಟ್ಟುಕೋ ಮಗಳೇ. ಒಂದು ಟೊಂಗೆ ಚುಚ್ಚಿದರೆ ಸಾಕು, ಬರುತ್ತದೆ. ಕೂಸಿಗೆ ಕೆಮ್ಮು ಬಂದರೆ ರಸ ತೆಗೆದು ಜೇನುತುಪ್ಪ ಕೂಡಿಸಿ ಕೊಡುತ್ತೇವೆ, ಮಳೆ ಬಂದರೆ ಭಜಿ ಮಾಡುತ್ತೇವೆ. ಇದರಲ್ಲಿ ಯಾವ ವಿಷ?

ಹತ್ತು ಕುಂಡ · ವಿದ್ಯಾನಗರ, ಹುಬ್ಬಳ್ಳಿ

ಅಮ್ಮಾರೆ, ಹೇಳಲು ನನಗೂ ಕಷ್ಟ. ದೊಡ್ಡಪತ್ರೆ ನಮಗೆ ಮದ್ದು, ಬೆಕ್ಕು ನಾಯಿಗೆ ಆಗುವುದಿಲ್ಲ. ಆ ಘಮ ಬರುತ್ತದಲ್ಲ, ಆ ಎಣ್ಣೆಯೇ ತೊಂದರೆ. ವಾಂತಿ, ಭೇದಿ, ಒಮ್ಮೊಮ್ಮೆ ರಕ್ತವೂ ಬರಬಹುದು. ನನಗೂ ನಂಬಲು ಆಗಲಿಲ್ಲ, ನಮ್ಮ ಮನೆಯಲ್ಲೂ ಅಡುಗೆಮನೆ ಕಿಟಕಿಯಲ್ಲೇ ಇತ್ತು. ಈಗ ಬಾಲ್ಕನಿಯ ಜಾಲರಿ ಹೊರಗೆ ಇದೆ.

ಮಾಳಮಡ್ಡಿ ಮನೆ · ಧಾರವಾಡ

ಹೌದಾ? ನಮ್ಮ ಬೆಕ್ಕು ಅದರ ಹತ್ತಿರ ಹೋಗುವುದೇ ಇಲ್ಲ. ಆದರೂ ಅಟ್ಟದ ಮೇಲೆ ಇಡಿಸುತ್ತೇನೆ.

ಗೋಕುಲ ರೋಡ್ · ಹುಬ್ಬಳ್ಳಿ

ಬೆಕ್ಕು ಅಟ್ಟ ಹತ್ತುವುದಿಲ್ಲವಾ ಅಮ್ಮಾರೆ?

ಎರೆಹೊಲ · ಗದಗ

ಬೆಕ್ಕು ಸುಮ್ನೆ ಎಲೆ ಕಚ್ಚುವುದಿಲ್ಲ. ಅದಕ್ಕೆ ಹುಲ್ಲು ಬೇಕು. ನಮ್ಮ ಹೊಲದ ಮನೆಯ ಬೆಕ್ಕು ಬೆಳಿಗ್ಗೆ ಎದ್ದು ಬದುವಿನ ಗರಿಕೆ ತಿಂದು ಬರುತ್ತದೆ. ಮಹಡಿ ಮನೆಯ ಬೆಕ್ಕಿಗೆ ಎಲ್ಲಿದೆ ಬದು? ಅದಕ್ಕೆ ತಿನ್ನಲು ಒಂದು ಕುಂಡ ಬೇರೆ ಇಡಿ, ನಿಮ್ಮ ಗಿಡದ ತಂಟೆಗೆ ಬರುವುದು ಕಡಿಮೆಯಾಗುತ್ತದೆ.

ಉಣಕಲ್ ದಂಡೆ · ಹುಬ್ಬಳ್ಳಿ

ಕಾಕಾ, ಒಳ್ಳೆ ಐಡಿಯಾ. ನವರಾತ್ರಿಯಲ್ಲಿ ಘಟದ ಮಣ್ಣಿಗೆ ಧಾನ್ಯ ಹಾಕುತ್ತೇವಲ್ಲ, ಹಾಗೇ ಮಾಡಬಹುದು. ಮನೆಯಲ್ಲಿ ಬಿಳಿಜೋಳ ಯಾವಾಗಲೂ ಇರುತ್ತದೆ, ಅದನ್ನೇ ಚೆಲ್ಲಿದರೆ ಆಯಿತು.

ಎರೆಹೊಲ · ಗದಗ

ಜೋಳ ಬೇಡ ತಮ್ಮಾ! ಬೇರೆ ಏನಾದರೂ ಹಾಕು, ಜೋಳ ಮಾತ್ರ ಬೇಡ. ಎಳೆ ಜೋಳದ ಪೈರಿನಲ್ಲಿ ವಿಷ ಇರುತ್ತದೆ. ಮೊಣಕಾಲೆತ್ತರದ ಪೈರಿಗೆ ದನ ನುಗ್ಗಿದರೆ ನಮ್ಮ ಕಡೆ ಊರೇ ಓಡುತ್ತದೆ. ಮಳೆ ಕೈಕೊಟ್ಟು ಬಾಡಿದ ಪೈರು ಇನ್ನೂ ಕೆಟ್ಟದ್ದು. ಎಮ್ಮೆ ನಿಂತಲ್ಲೇ ಬಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಎಮ್ಮೆಗೇ ಆ ಗತಿ, ಬೆಕ್ಕು ಎಷ್ಟರದ್ದು? ಕಾಳಿನಲ್ಲಿ ಏನೂ ಇಲ್ಲ, ರೊಟ್ಟಿ ಧಾರಾಳವಾಗಿ ತಿನ್ನಿ. ಮೊಳಕೆಯ ಚಿಗುರಿನದೇ ತೊಂದರೆ.

ಗೋಧಿ ಹಾಕಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಣ್ಣ ತಟ್ಟೆಯಲ್ಲಿ ಒಂದು ಇಂಚು ಮಣ್ಣು ಹರಡಿ ಒತ್ತೊತ್ತಾಗಿ ಚೆಲ್ಲಿ. ಮೇಲೆ ತೆಳ್ಳಗೆ ಮಣ್ಣು. ವಾರದಲ್ಲಿ ನಾಲ್ಕು ಬೆರಳು ಎತ್ತರ ಬರುತ್ತದೆ. ಅಡುಗೆ ಮನೆಯ ಗೋಧಿಯನ್ನೇ ಹಾಕಿ. ಬೀಜದ ಅಂಗಡಿಯ ಗೋಧಿಗೆ ಔಷಧಿ ಸವರಿರುತ್ತಾರೆ, ಕೆಂಪಗೋ ಹಸಿರಿಗೋ ಬಣ್ಣ ಇರುತ್ತದೆ, ಅದು ಬೇಡ. ಎರಡು ವಾರಕ್ಕೆ ಹಳದಿಯಾಗಿ ಬೂಸ್ಟು ಹಿಡಿಯುತ್ತದೆ, ಚೆಲ್ಲಿ ಹೊಸದು ಹಾಕಿ. ಎರಡು ತಟ್ಟೆ ಇಟ್ಟುಕೊಂಡರೆ ಒಂದರ ಹಿಂದೆ ಒಂದು ಬರುತ್ತಿರುತ್ತದೆ.

ಹಾವೇರಿ ದವಾಖಾನೆ · ಹಾವೇರಿ

ಕಾಕಾ ಹೇಳಿದ್ದು ಅಕ್ಷರಶಃ ಸರಿ. ಎಳೆ ಜೋಳದಲ್ಲಿ ಧುರಿನ್ ಅಂತ ಒಂದು ಅಂಶ ಇದೆ, ಅಗಿದಾಗ ಅದರಿಂದ ಸೈನೈಡ್ ಬಿಡುಗಡೆಯಾಗುತ್ತದೆ. ದನದ ಡಾಕ್ಟ್ರಿಗೆ ಇದು ಪ್ರತಿ ವರ್ಷದ ಪಾಠ.

ಉಣಕಲ್ ದಂಡೆ · ಹುಬ್ಬಳ್ಳಿ

ಯಪ್ಪಾ. ಕೇಳಿದ್ದೇ ಒಳ್ಳೆಯದಾಯಿತು. ನನ್ನ ಮನೆಯಲ್ಲಿ ಬೆಕ್ಕಿಲ್ಲ, ಮುಧೋಳ ನಾಯಿ ಮರಿ ಇದೆ. ಐದು ತಿಂಗಳು. ಎಲೆ ಬೇಡ ಅದಕ್ಕೆ, ಮಣ್ಣು ಬೇಕು. ಮೇಜಿನ ಪಕ್ಕ ನೆಲದ ಮೇಲೆ ದೊಡ್ಡ ಕುಂಡದಲ್ಲಿ ಅರೆಕಾ ಪಾಮ್ ಇಟ್ಟಿದ್ದೆ. ಎರಡು ದಿನಕ್ಕೊಮ್ಮೆ ಮಣ್ಣು ಕೆದರಿ, ಮೂಸಿ, ತಿನ್ನುತ್ತದೆ. ಗಿಡ ಸೇಫ್ ಅಂದಿರಿ, ಮಣ್ಣು?

ಹಾವೇರಿ ದವಾಖಾನೆ · ಹಾವೇರಿ

ಗೊಬ್ಬರ ಏನು ಹಾಕಿದ್ದೀರಿ?

ಉಣಕಲ್ ದಂಡೆ · ಹುಬ್ಬಳ್ಳಿ

ಎಲುಬಿನ ಪುಡಿ, ಶೇಂಗಾ ಹಿಂಡಿ. ಅಂಗಡಿಯವರು ಮುಂದಿನ ಸಲ ಔಡಲ ಹಿಂಡಿ ತಗೊಳ್ಳಿ, ಬಲ ಜಾಸ್ತಿ ಅಂದಿದ್ದಾರೆ.

ಹಾವೇರಿ ದವಾಖಾನೆ · ಹಾವೇರಿ

ಔಡಲ ಹಿಂಡಿ ಮನೆಯೊಳಗೆ ತರಲೇಬೇಡಿ. ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯಲ್ಲಿ ರಿಸಿನ್ ಅನ್ನುವ ವಿಷ ಇರುತ್ತದೆ. ನಾಯಿ ಒಂದು ಹಿಡಿ ತಿಂದರೆ ಸಾಯಬಹುದು. ಔಡಲ ಎಣ್ಣೆ ಕುಡಿಸಿ ಬೆಳೆಸಿದ ಮಂದಿ ನಾವು, ಹಿಂಡಿನೂ ಹಾಗೇ ಇರುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ.

ಎಲುಬಿನ ಪುಡಿ ವಿಷ ಅಲ್ಲ, ಆದರೆ ನಾಯಿಗೆ ಅದು ಮಾಂಸದ ವಾಸನೆ. ನೀವೇ ಕರೆದು ಊಟಕ್ಕೆ ಬಡಿಸಿದ ಹಾಗೆ. ಜಾಸ್ತಿ ತಿಂದರೆ ಹೊಟ್ಟೆಯಲ್ಲಿ ಗಟ್ಟಿ ಉಂಡೆಯಾಗಿ ಕೂರುತ್ತದೆ. ಶೇಂಗಾ ಹಿಂಡಿಗೂ ಆಸೆಯಿಂದ ಬರುತ್ತದೆ, ಬೂಸ್ಟು ಹಿಡಿದಿದ್ದರೆ ಇನ್ನೂ ಕೆಟ್ಟದ್ದು. ಎರೆಹುಳು ಗೊಬ್ಬರ ಹಾಕಿ, ಕುಂಡದ ಬಾಯಿಗೆ ಮುಷ್ಟಿ ಗಾತ್ರದ ಕಲ್ಲು ಜೋಡಿಸಿ. ನುಂಗುವಷ್ಟು ಸಣ್ಣ ಕಲ್ಲು ಬೇಡ. ಮರಿಗಳು ಅದನ್ನೂ ನುಂಗುತ್ತವೆ. ಗೇಟಿನ ಹತ್ತಿರ ಸೈಕಸ್ ಇದ್ದರೆ ಅದರ ಬೀಜದ ಕಡೆ ಕಣ್ಣಿಡಿ. ಒಂದೆರಡು ಬೀಜ ಸಾಕು, ನಾಯಿಯ ಲಿವರ್ ಹೋಗುತ್ತದೆ.

ಬ್ಯಾಡಗಿ ಖಾರ · ಹಾವೇರಿ ಜಿಲ್ಲೆ

ನಮ್ಮೂರಿನ ಉಪಾಯ ಹೇಳಲಾ? ಕುಂಡದ ಮಣ್ಣಿಗೆ ಒಂದು ಚಿಟಿಕೆ ಖಾರದ ಪುಡಿ. ಬೆಕ್ಕು ಮತ್ತೆ ಬರುವುದಿಲ್ಲ.

ಕೇಶ್ವಾಪುರ · ಹುಬ್ಬಳ್ಳಿ

ದಯವಿಟ್ಟು ಬೇಡ. ಕಾಲಿಗೆ ಅಂಟಿದ ಖಾರವನ್ನು ಬೆಕ್ಕು ಅದೇ ಕಾಲಿನಿಂದ ಮುಖ ತೊಳೆಯುವಾಗ ಕಣ್ಣಿಗೆ ಹಚ್ಚಿಕೊಳ್ಳುತ್ತದೆ. ಕಿತ್ತಳೆ ಸಿಪ್ಪೆ ಇಟ್ಟು ನೋಡಿ. ಆ ವಾಸನೆ ಬಹಳ ಬೆಕ್ಕುಗಳಿಗೆ ಹಿಡಿಸುವುದಿಲ್ಲ.

ಬ್ಯಾಡಗಿ ಖಾರ · ಹಾವೇರಿ ಜಿಲ್ಲೆ

ಅದು ಹೊಳೆದಿರಲಿಲ್ಲ ಅಕ್ಕಾರೆ. ವಾಪಸ್ ತಗೊಂಡೆ. ನಮ್ಮ ಬ್ಯಾಡಗಿ ಬಣ್ಣಕ್ಕೇ ಇರಲಿ.

ಗೋಕುಲ ರೋಡ್ · ಹುಬ್ಬಳ್ಳಿ

ಎಲ್ಲ ಒಪ್ಪಿದೆ. ಆದರೆ ಸ್ನೇಕ್ ಪ್ಲಾಂಟ್ ಗಾಳಿ ಶುದ್ಧ ಮಾಡುತ್ತದೆ ಅನ್ನುವುದು ನಾಸಾದವರೇ ಹೇಳಿದ್ದು. ಅದನ್ನಾದರೂ ಬಿಟ್ಟುಕೊಡಿ.

ಹತ್ತು ಕುಂಡ · ವಿದ್ಯಾನಗರ, ಹುಬ್ಬಳ್ಳಿ

ನಾಸಾ ಪರೀಕ್ಷೆ ಮಾಡಿದ್ದು ನಿಜ, 1989ರಲ್ಲಿ. ಆದರೆ ಗಾಳಿಯಾಡದ, ಮುಚ್ಚಿದ ಪೆಟ್ಟಿಗೆಯಲ್ಲಿ. ನಮ್ಮ ಕೋಣೆಗೆ ಕಿಟಕಿ ಇದೆ, ಬಾಗಿಲ ಸಂದಿ ಇದೆ. ಹಳೆಯ ಪ್ರಯೋಗಗಳನ್ನೆಲ್ಲ ಕೂಡಿಸಿ 2019ರಲ್ಲಿ ಲೆಕ್ಕ ಹಾಕಿದರು. ಮನೆಯಲ್ಲಿ ಸಹಜವಾಗಿ ಆಡುವ ಗಾಳಿಯ ಕೆಲಸವನ್ನು ಗಿಡಗಳಿಂದ ಮಾಡಿಸಬೇಕಾದರೆ ಒಂದು ಚದರ ಮೀಟರಿಗೆ 10ರಿಂದ 1000 ಗಿಡ ಬೇಕಂತೆ. ಅಷ್ಟು ಇಟ್ಟರೆ ಕುರ್ಚಿ ಇಡಲು ಜಾಗ ಉಳಿಯುವುದಿಲ್ಲ. ಗಿಡ ಕಣ್ಣಿಗೆ ತಂಪು, ಅಷ್ಟು ಸಾಕಲ್ವಾ? ಗಾಳಿಗೆ ಕಿಟಕಿ ತೆಗೆಯಿರಿ. ಗೋಕುಲ ರೋಡಿನ ಧೂಳು ಬಂದರೆ ನನ್ನನ್ನು ಬೈಯಬೇಡಿ.

ಪೇಡಾ ಮನೆ · ಧಾರವಾಡ

ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಮಣ್ಣಿನ ಬಗ್ಗೆ ಒಂದು ಪ್ರಶ್ನೆ. ಮನೆ ಹಿಂದೆ ಎರೆಮಣ್ಣು ಇದೆ, ಅದನ್ನೇ ತುಂಬಲಾ? ನೀರಿನ ಕತೆ ನಿಮಗೆ ಗೊತ್ತೇ ಇದೆ, ಮಲಪ್ರಭೆ ನೀರು ಬಂದ ದಿನ ಹಬ್ಬ, ಉಳಿದ ದಿನ ಬೋರ್.

ಎರೆಹೊಲ · ಗದಗ

ಎರೆಮಣ್ಣು ಹತ್ತಿಗೆ, ಕಡಲೆಗೆ ಬಂಗಾರ. ಕುಂಡಕ್ಕೆ ಬೇಡ. ಒದ್ದೆಯಾದರೆ ಅಂಟು, ಒಣಗಿದರೆ ಬಿರುಕು. ಬೇರಿಗೆ ಉಸಿರು ಸಿಗುವುದಿಲ್ಲ. ಮಸಾರಿ (ಕೆಂಪು) ಮಣ್ಣು ಎರಡು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಎರೆಹುಳು ಗೊಬ್ಬರ ಒಂದು ಪಾಲು. ಹಾವೋ ಏನೋ ಅಂದಿರಲ್ಲ, ಆ ದಪ್ಪ ಎಲೆಯ ಗಿಡಕ್ಕೆ ಇನ್ನೊಂದು ಪಾಲು ಮರಳು.

ಹತ್ತು ಕುಂಡ · ವಿದ್ಯಾನಗರ, ಹುಬ್ಬಳ್ಳಿ

ನಲ್ಲಿ ನೀರು ಬಂದ ದಿನ ಒಂದು ಕೊಡ ಬೇರೆ ತೆಗೆದಿಡಿ, ಗಿಡಕ್ಕೆ ಅದೇ ವಾರವಿಡೀ ಸಾಕು. ಮಳೆಗಾಲದಲ್ಲಿ ಸೂರಿನ ನೀರು ಹಿಡಿದರೆ ಇನ್ನೂ ಒಳ್ಳೆಯದು. ಮೇಜಿನ ಮೇಲೆಯೇ ನೀರು ಹಾಕಬೇಡಿ. ಕುಂಡ ಬಚ್ಚಲಿಗೆ ಒಯ್ದು, ನೀರು ಹಾಕಿ, ಸೋರಿದ ಮೇಲೆ ತನ್ನಿ. ಲ್ಯಾಪ್‌ಟಾಪ್ ಕಳೆದುಕೊಂಡವಳ ಅನುಭವ ಇದು.

ಇನ್ನೊಂದು ಮಾತು. ಸೇಫ್ ಗಿಡವಾದರೂ ತಂದ ದಿನವೇ ಬೆಕ್ಕಿನ ಮುಂದೆ ಇಡಬೇಡಿ. ಮಾರುವ ಮೊದಲು ಕೀಟನಾಶಕ ಹೊಡೆದಿರಬಹುದು. ಎಲೆಗಳನ್ನು ಚೆನ್ನಾಗಿ ತೊಳೆದು, ಮೇಲಿನ ಮಣ್ಣು ಬದಲಿಸಿ, ಎರಡು ವಾರ ಬಾಗಿಲು ಹಾಕುವ ಬೇರೆ ಕೋಣೆಯಲ್ಲಿಡಿ.

ಪೇಡಾ ಮನೆ · ಧಾರವಾಡ · ಒಂದು ತಿಂಗಳ ಮೇಲೆ

ಬಹಳ ಜನ ಕೇಳುತ್ತಿದ್ದೀರಿ, ಅದಕ್ಕೆ ಬರೆಯುತ್ತಿದ್ದೇನೆ. ಪೆಪರೋಮಿಯಾ ಒಂದು, ಹಾವೋರ್ತಿಯಾ ಒಂದು, ಸ್ಪೈಡರ್ ಪ್ಲಾಂಟ್ ಒಂದು ತಂದೆ. ನರ್ಸರಿಯಲ್ಲಿ ಹಾವೋರ್ತಿಯಾ ಕೇಳಿದರೆ ಮೊದಲು ಕೊಟ್ಟದ್ದು ಲೋಳೆಸರದ ಮರಿಯನ್ನೇ. ಅಂಚಿಗೆ ಬೆರಳು ಓಡಿಸಿದೆ, ಮುಳ್ಳು ಸಿಕ್ಕಿತು, ವಾಪಸ್ ಇಟ್ಟೆ. 'ಮೇಡಂಗೆ ಎಲ್ಲಾ ಗೊತ್ತೈತಿ' ಅಂದರು. ಗೊತ್ತಿದ್ದದ್ದು ಅದೊಂದೇ.

ಎರಡು ವಾರ ಸ್ಟೋರ್ ರೂಮಿನ ಕಿಟಕಿಯಲ್ಲಿಟ್ಟೆ. ಆಮೇಲೆ ಪೆಪರೋಮಿಯಾ, ಹಾವೋರ್ತಿಯಾ ಮೇಜಿಗೆ ಬಂದವು. ಪೇಡಾ ಪೆಪರೋಮಿಯಾದ ಒಂದು ಎಲೆ ಕಚ್ಚಿ ಉಗುಳಿತು, ಆಮೇಲೆ ತಿರುಗಿ ನೋಡಿಲ್ಲ. ಸ್ಪೈಡರ್ ಪ್ಲಾಂಟಿಗೆ ಕುರ್ಚಿಯಿಂದ ಹಾರಲು ನೋಡುತ್ತದೆ, ಕೊಕ್ಕೆ ಇನ್ನೂ ಒಂದಡಿ ಮೇಲೆ ಹಾಕಿಸಿದೆ. ಗೋಧಿ ತಟ್ಟೆ ಬಾಗಿಲ ಹತ್ತಿರ. ಕಾಕಾ, ಅದು ತಿನ್ನುವುದು ಎರಡು ಎಳೆ, ಉಳಿದ ಹೊತ್ತು ಅದರ ಮೇಲೇ ಮಲಗುತ್ತದೆ. ಮೂರನೇ ತಟ್ಟೆ ಈಗ.

ಮನಿಪ್ಲಾಂಟನ್ನು ಕೆಳಗಿನ ಮನೆಯ ಕಾಕೂಗೆ ಕೊಟ್ಟೆ. ಅವರ ಮನೆಯಲ್ಲಿ ಬೆಕ್ಕಿಲ್ಲ. ಮೊದಲಿಗಿಂತ ಚೆನ್ನಾಗಿ ಬೆಳೆದಿದೆ, ಸ್ವಲ್ಪ ಹೊಟ್ಟೆಕಿಚ್ಚಾಗುತ್ತದೆ.

ಎರೆಹೊಲ · ಗದಗ

ಮಲಗಲಿ ಬಿಡಿ. ಗೋಧಿ ಅಗ್ಗ.

ಗೋಕುಲ ರೋಡ್ · ಹುಬ್ಬಳ್ಳಿ

ಡಾಕ್ಟ್ರೆ, ಸಣ್ಣ ಸಹಾಯ. ಮಗಳು ನಿನ್ನೆ ಒಂದು ಗಿಡ ತಂದಿದ್ದಾಳೆ. ಸಣ್ಣದು, ದಪ್ಪ ದುಂಡು ಎಲೆ, ಪುಟ್ಟ ಮರದ ಥರ ಇದೆ. ಅಂಗಡಿಯಲ್ಲಿ 'ಗುಡ್ ಲಕ್ ಪ್ಲಾಂಟ್' ಅಂತ ಹೇಳಿ ಕೊಟ್ಟರಂತೆ. ಎರಡೂ ಬೆಕ್ಕು ಸುತ್ತ ಕೂತು ನೋಡುತ್ತಿವೆ.

ಹತ್ತು ಕುಂಡ · ವಿದ್ಯಾನಗರ, ಹುಬ್ಬಳ್ಳಿ

ಅಣ್ಣಾರೆ, ನೀವು ಹೇಳಿದ್ದು ನೋಡಿದರೆ ಜೇಡ್ ಇರಬೇಕು, ಕ್ರಾಸುಲಾ. ಬೆಕ್ಕಿಗೆ ಆಗುವುದಿಲ್ಲ. ಮೊದಲು ಗಿಡ ಎತ್ತಿ ಹೊರಗಿಡಿ, ಆಮೇಲೆ ಫೋಟೋ ಹಾಕಿ.

ಗೋಕುಲ ರೋಡ್ · ಹುಬ್ಬಳ್ಳಿ

ಇಟ್ಟೆ. ಮಗಳು ಮಾತು ಬಿಟ್ಟಿದ್ದಾಳೆ. ಪೆಪರೋಮಿಯಾ ಎಲ್ಲಿ ಸಿಕ್ಕಿತು ಪೇಡಾ ಅಕ್ಕಾರೆ?